ಅವ್ವ ತೊಳೆದ ಉಸುಕು

ಮೊನ್ನೆ ಸಂಡಿಗೆ ಹಾಕಲೆಂದು ಅವ್ವ ಗಚ್ಚಿಯ ಮೇಲೆ ಅಪ್ಪನ ಹಳೆಯ ಧೋತರವನ್ನು ಝಾಡಿಸಿದಳು. ಅದರ ಅಂಚಿನ ಮಡಿಕೆಯೊಳಗಿಂದ ಒಂದಿಷ್ಟು ಬಿಳಿ ಉಸುಕು ಉದುರಿತು. ಸಕ್ಕರೆಗಿಂತ ಸಣ್ಣ ಕಾಳಿನ, ಬಿಸಿಲಿಗೆ ಮಿಣಿಮಿಣಿ ಹೊಳೆಯುವ ಉಸುಕು. ಎಷ್ಟು ಸಲ ಒಗೆದ ಧೋತರವೋ ಏನೋ, ಇದೊಂದು ಚಿಟಿಕೆ ಮಾತ್ರ ಹೊಲಿಗೆಯೊಳಗೆ ಹೊಕ್ಕು ಕೂತಿತ್ತು. ಅವ್ವ ಬಗ್ಗಿ, ಬೆರಳೊತ್ತಿ ಅದನ್ನು ಎತ್ತಿಕೊಂಡು, ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ನಾನೂ ನಕ್ಕೆ. ಸಂಡಿಗೆ ಹಿಟ್ಟು ಆರಿಹೋಗುತ್ತದೆಂದು ನನ್ನ ಹೆಂಡತಿ ಶೈಲಾ ಕೆಳಗಿನಿಂದ ಕೂಗುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು.

ಪುಣೆಯ ಧನಕವಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಗಚ್ಚಿಗೂ ಸಮುದ್ರದ ಉಸುಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳಲಿಕ್ಕೆಂದೇ ಕೂತಿದ್ದೇನೆ. ಆದರೆ ಅದಕ್ಕೂ ಮೊದಲು ನಮ್ಮ ಅವ್ವ ಎಂಥ ತೊಳೆಯುವವಳು ಎಂಬುದನ್ನು ಹೇಳಿಬಿಡಬೇಕು.

ಅವ್ವ ಸಾಬಾಣವನ್ನು ತೊಳೆದಿಡುವವಳು. ನಳ ತಿರುವುವ ಮೊದಲು ನಳ ತೊಳೆಯುತ್ತಾಳೆ, ತಿರುವಿದ ಮೇಲೆ ಮತ್ತೊಮ್ಮೆ ತೊಳೆಯುತ್ತಾಳೆ. ಅಂಗಡಿಯವನು ಕೈಯಲ್ಲಿ ಮುಟ್ಟಿದ್ದನೆಂದು ಬೆಲ್ಲದ ಹೆಂಟೆಯನ್ನು ತೊಳೆಯಲು ಹೋಗಿ, ಅದು ಅರ್ಧಕ್ಕರ್ಧ ಕರಗಿ, ಅವತ್ತು ಮನೆಮಂದಿಗೆಲ್ಲ ಪಾನಕವಾಗಿತ್ತು. ಊರಿಗೂರೇ ರೋಗಕ್ಕೆ ಅಂಜಿ ಕಾಯಿಪಲ್ಯೆಯನ್ನು ಸಾಬಾಣದ ನೀರಿನಲ್ಲಿ ಅದ್ದುತ್ತಿದ್ದ ಆ ಕಾಲ ನೆನಪಿದೆಯಲ್ಲ? ಆಗ ಎಲ್ಲರ ಮುಖದಲ್ಲೂ ಚಿಂತೆ, ಅವ್ವನ ಮುಖದಲ್ಲಿ ಮಾತ್ರ ಇಷ್ಟು ದಿನಕ್ಕೆ ಮಂದಿಗೆ ಬುದ್ಧಿ ಬಂತಲ್ಲ ಎಂಬ ಸಮಾಧಾನ.

ಉಸುಕಿನ ಮೇಲೆ ಅವಳಿಗೆ ಹಳೆಯ ಸಿಟ್ಟೂ ಇತ್ತು. ಧಾರವಾಡದಲ್ಲಿ ನಾವು ಚಿಕ್ಕವರಿದ್ದಾಗ ಎದುರಿನ ಜಾಗದಲ್ಲಿ ಯಾರೋ ಮನೆ ಕಟ್ಟಲು ಶುರು ಮಾಡಿ, ಅರ್ಧಕ್ಕೆ ಬಿಟ್ಟು, ಒಂದು ಲಾರಿ ಉಸುಕನ್ನು ನಮ್ಮ ಓಣಿಯ ಹುಡುಗರಿಗೆ ದಾನ ಮಾಡಿ ಹೋಗಿದ್ದರು. ಹಸಿ ಉಸುಕಿನೊಳಗೆ ಪಾದ ಹೂತು, ಮೇಲೆ ತಟ್ಟಿ ತಟ್ಟಿ, ಮೆಲ್ಲಗೆ ಕಾಲು ಹೊರಗೆಳೆದರೆ ಗುಬ್ಬಿಗೂಡು. ಗುಬ್ಬಿ ಒಂದೂ ಬರಲಿಲ್ಲ, ಅದು ಬೇರೆ ಮಾತು. ಸಂಜೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಕಾಲ್ಬೆರಳ ಸಂದಿ, ಕಿವಿಯ ಹಿಂದು, ಚಡ್ಡಿಯ ಕಿಸೆ ಎಲ್ಲದರ ತಪಾಸಣೆ ಮುಗಿಯದೆ ಹೊಸ್ತಿಲು ದಾಟುವಂತಿರಲಿಲ್ಲ. ಅಷ್ಟಾದರೂ ರಾತ್ರಿ ಹಾಸಿಗೆಯಲ್ಲಿ ಕರಕರ ಎನ್ನುತ್ತಿತ್ತು. ಮಣ್ಣಾದರೂ ನೀರಿಗೆ ಅಂಜುತ್ತದೆ, ಈ ಉಸುಕು ಯಾರಿಗೂ ಅಂಜುವುದಿಲ್ಲ ಎಂದು ಅವ್ವ ಬೈಯುತ್ತಿದ್ದಳು.

ಅಂಥ ಅವ್ವ ಇರುವ ಮನೆಗೆ ನಾನು, ಐವತ್ತು ದಾಟಿದ ಮೇಲೆ, ಬುದ್ಧಿ ನೆಟ್ಟಗಿದ್ದಾಗಲೇ, ಚೀಲಗಟ್ಟಲೆ ಉಸುಕು ಹೊತ್ತು ತಂದೆ.

ತಪ್ಪು ಸಾಠೆಯದು. ಸಾಠೆ ಎಂದರೆ ನಮ್ಮ ಕಂಪನಿಯ ಸ್ಟೋರ್ಸಿನಲ್ಲಿ ನನ್ನ ಎದುರಿನ ಟೇಬಲ್ಲಿನವನು. ಒಮ್ಮೆ ಅವನ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದಾಗ ಅಂಗೈಯಲ್ಲಿ ಪ್ರಸಾದ ಹಿಡಿದುಕೊಂಡು ಅವನ ಉಪ್ಪುನೀರಿನ ಮೀನಿನ ಟ್ಯಾಂಕಿನ ಮುಂದೆ ನಿಂತವನು, ಪ್ರಸಾದ ತಿನ್ನುವುದನ್ನೇ ಮರೆತೆ. ಸಮುದ್ರ ನಾನು ನೋಡಿದ್ದು ಸಾಲಿಯ ಹುಡುಗನಿದ್ದಾಗ, ಕಾರವಾರದ ಟ್ರಿಪ್ಪಿನಲ್ಲಿ; ಅದೂ ಹೊಟ್ಟೆ ಕೆಟ್ಟು ಬಸ್ಸಿನ ಕಿಟಕಿಯಿಂದ. ಆ ಬಾಕಿ ತೀರಿಸಿಕೊಳ್ಳುವ ಆಸೆ ಎಲ್ಲಿ ಅಡಗಿತ್ತೋ, ಮೂರು ತಿಂಗಳೊಳಗೆ ನಮ್ಮ ಪಡಸಾಲೆಯ ಗೋಡೆಗೆ ಹತ್ತಿ ಒಂದು ಗಾಜಿನ ಟ್ಯಾಂಕು ಬಂದು ಕೂತಿತು. ಮುಂಬಯಿಯಿಂದ ಬಂದ ಉಪ್ಪನ್ನು ಶುದ್ಧ ನೀರಿನಲ್ಲಿ ಕದಡಿ ನಾನು ಬಕೆಟ್ಟಿನಲ್ಲಿ ಸಮುದ್ರ ಮಾಡುವುದನ್ನು ನೋಡಿ ಶೈಲಾ, ಮನುಷ್ಯರ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ಕೇಳುವವರಿಲ್ಲ, ಮೀನಿಗೆ ನೋಡಿ ಅಳೆದು ತೂಗಿ ಹಾಕುವ ಪರಿ ಎಂದು ಹಂಗಿಸಿದಳು.

ಈ ಟ್ಯಾಂಕಿನ ಗುಟ್ಟೆಲ್ಲ ಇರುವುದು ತಳದ ಉಸುಕಿನಲ್ಲಿ. ಅಂಗೈ ಅಗಲದಷ್ಟು ದಪ್ಪಗೆ ಸಣ್ಣ ಉಸುಕು ಹಾಸಬೇಕು. ಹಾಸಿದ ಮೇಲೆ ಅದರ ತಂಟೆಗೆ ಹೋಗಬಾರದು. ಇದು ಸಾಠೆಯ ಮೊದಲನೆಯ ಪಾಠ, ಕೊನೆಯದೂ ಅದೇ. ಉಸುಕಿನ ಮೇಲುಪದರದಲ್ಲಿ ಕಂಡೂ ಕಾಣದ ಹುಳುಗಳು, ಸಣ್ಣ ಸಣ್ಣ ಜೀವಗಳು ಸಂಸಾರ ಹೂಡಿರುತ್ತವೆ. ಮೀನು ತಿಂದು ಬಿಟ್ಟಿದ್ದು, ತಿಂದು ಹೊರಗೆ ಹಾಕಿದ್ದು ಎಲ್ಲ ಅವುಗಳ ಪಾಲು. ಅದಕ್ಕೂ ಕೆಳಗೆ, ಗಾಳಿ ಮುಟ್ಟದ ಕತ್ತಲಲ್ಲಿ, ಇನ್ನೂ ಸೂಕ್ಷ್ಮವಾದವು ಕೂತು, ನೀರಿನಲ್ಲಿ ಉಳಿದ ವಿಷವನ್ನು ಗಾಳಿ ಮಾಡಿ ಗುಳ್ಳೆಯಾಗಿ ಮೇಲಕ್ಕೆ ಕಳಿಸುತ್ತವೆ. ಕೆದರಿದರೆ ಕೆಟ್ಟಿತು. ಉಸುಕು ಬಗೆಯುವ ದೊಡ್ಡ ಪ್ರಾಣಿಗಳನ್ನು ತರಬಾರದು. ಪ್ರೀತಿ ಉಕ್ಕಿತೆಂದು ಮೀನಿಗೆ ಹೆಚ್ಚು ಹಾಕಬಾರದು. ಮುಖ್ಯ ಕೆಲಸವೆಂದರೆ ಸುಮ್ಮನಿರುವುದು. ನನ್ನಂಥ ಮೈಗಳ್ಳನಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ಇನ್ನೆಲ್ಲಿ ಸಿಗಬೇಕು ಹೇಳಿ.

ಅವ್ವನಿಗೆ ಮಾತ್ರ ಅದು ಶಿಕ್ಷೆಯಾಯಿತು. ಗಾಜಿನ ಬದಿಯಿಂದ ನೋಡಿದರೆ ಉಸುಕಿನ ತಳದಲ್ಲಿ ಕಂದು, ಹಸಿರು, ಕಪ್ಪು ಪಟ್ಟೆಗಳು. ಅವ್ವ ಕೈಯಲ್ಲಿ ಅರಿವೆ ಹಿಡಿದು ಅದರ ಮುಂದೆ ನಿಲ್ಲುವಳು, ಸಕ್ಕರೆ ಕಾಯಿಲೆಯವರು ಜಿಲೇಬಿ ಅಂಗಡಿಯ ಮುಂದೆ ನಿಂತ ಹಾಗೆ. ಮುಟ್ಟಬೇಡವೆಂದು ನಾನು ಹೇಳಿದ್ದೆ, ಅವಳು ಮುಟ್ಟುತ್ತಿರಲಿಲ್ಲ. ಆದರೆ ಆ ಕಪ್ಪು ಪಟ್ಟೆ ನೋಡಿದಾಗೆಲ್ಲ ಒಂದು ಉಸಿರು ಬಿಟ್ಟು ಅಡಿಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಆ ಟ್ಯಾಂಕಿನ ಮೇಲೆ ಅವಳಿಗೆ ಮಮತೆ ಹುಟ್ಟಿದ್ದು ಒಂದು ಮೀನಿನ ದೆಸೆಯಿಂದ. ಅಂಗಡಿಯವರು ಅದಕ್ಕೆ ಮ್ಯಾಂಡರಿನ್ ಎನ್ನುತ್ತಾರೆ. ಹೆಬ್ಬೆರಳಷ್ಟುದ್ದ, ನೀಲಿ ಮೈಮೇಲೆ ಕಿತ್ತಳೆ, ಹಸಿರು ಗೆರೆಗಳ ಕಸೂತಿ. ಬೇರೆ ಮೀನುಗಳು ಮೇಲೆ ಉದುರಿಸಿದ ಆಹಾರಕ್ಕೆ ಬಾಯಿ ತೆರೆದು ಓಡಿ ಬಂದರೆ, ಇದು ತಿರುಗಿಯೂ ನೋಡುತ್ತಿರಲಿಲ್ಲ. ದಿನವಿಡೀ ಉಸುಕಿನ ಮೇಲೆ ತೆವಳುತ್ತ, ಅಲ್ಲಿನ ಜೀವಂತ ಕಾಳುಗಳನ್ನೇ ಒಂದೊಂದಾಗಿ ಹೆಕ್ಕಿ ತಿನ್ನುವುದು. ಇನ್ನೊಬ್ಬರು ಬಡಿಸಿದ್ದನ್ನು ಮುಟ್ಟದ ಈ ಮೀನನ್ನು ಕಂಡು ಅವ್ವನಿಗೆ ಅವಳ ಸೋದರತ್ತೆ ನೆನಪಾದಳು. ಆಕೆ ಅಂಬಕ್ಕ; ಸಾಯುವವರೆಗೂ ತನ್ನ ಕೈಯಡಿಗೆ ಬಿಟ್ಟು ಬೇರೆ ತುತ್ತು ಮುಟ್ಟದ ಕಡುಮಡಿಯವಳು. ಮೀನಿಗೂ ಅಂಬಕ್ಕ ಎಂದೇ ಹೆಸರಾಯಿತು. ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಬುಡದ ಇರುವೆಗಳಿಗೆ ಒಂದು ಚಿಟಿಕೆ ಸಕ್ಕರೆ ಉದುರಿಸಿ, ಒಳಗೆ ಬಂದು ಅಂಬಕ್ಕನದು ಫಳಾರ ಆಯಿತೋ ಇಲ್ಲವೋ ಎಂದು ಬಗ್ಗಿ ನೋಡುವುದು ಅವ್ವನ ಪದ್ಧತಿಯಾಯಿತು. ಇರುವೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಮೋರಿಯ ಹತ್ತಿರ ಒಂದು ಇರುವೆ ಕಂಡರೂ ಅವ್ವ ಅದನ್ನು ಕಾಗದದ ಮೇಲೆ ಹತ್ತಿಸಿ ಆಚೆ ಬಿಟ್ಟ ಮೇಲೆಯೇ ನೀರು ಚೆಲ್ಲುವಳು.

ಹೋದ ವರ್ಷಕ್ಕೂ ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿನ ಹಿಂದಿನ ಗೋಡೆ ಸೋರಲು ಶುರುವಾಯಿತು. ಮಳೆ ನಿಂತ ಕೂಡಲೇ ಗಾರೆಯವನು ಬಂದು ಗೋಡೆ ಕೆತ್ತಬೇಕೆಂದ. ಅಂದರೆ ಟ್ಯಾಂಕನ್ನು ಎದುರಿನ ಗೋಡೆಗೆ ಒಯ್ಯಬೇಕು. ಸಾಠೆಯನ್ನು ಕೇಳೋಣವೆಂದರೆ ಅವನು ಭೋರ್ ಎಂಬ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದ, ಫೋನು ಹತ್ತುತ್ತಿರಲಿಲ್ಲ. ಇಷ್ಟು ದಿನ ಸಾಕಿದ್ದೇನೆ, ನನಗೇನು ಗೊತ್ತಿಲ್ಲವೇ ಎಂಬ ಜಂಭ ಬೇರೆ. ಬೆಳಿಗ್ಗೆ ಎದ್ದವನೇ ಮೀನುಗಳನ್ನೂ ಕಲ್ಲುಗಳನ್ನೂ ಉಪ್ಪುನೀರಿನ ದೊಡ್ಡ ಟಬ್ಬಿಗೆ ಹಾಕಿ ಗಾಳಿಯ ಪಂಪು ಬಿಟ್ಟೆ. ಉಸುಕನ್ನು ಬಗೆದು ಬಗೆದು ಬಕೆಟ್ಟುಗಳಿಗೆ ತುಂಬಿದೆ. ತಳದ ಕಪ್ಪು ಉಸುಕು ಮೇಲೆ ಬಂದದ್ದೇ ತಡ, ಕೊಳೆತ ತತ್ತಿಯ ನಾತ ಮನೆಯ ತುಂಬ ಹಬ್ಬಿತು. ಸಂಜೆಗೆ ಇದನ್ನೆಲ್ಲ ಮರಳಿ ಹಾಕಿದರೆ ಸರಿಹೋಗುತ್ತದೆಂದು ಮೂಗು ಮುಚ್ಚಿಕೊಂಡೇ ಹೇಳಿ, ಉಪ್ಪು ಸಾಲದಾಗಿದ್ದಕ್ಕೆ ತರಲು ಪೇಟೆಗೆ ಹೋದೆ.

ಈಗ ನೀವೇ ಯೋಚಿಸಿ. ಮರುದಿನ ಅಪ್ಪನ ಪಕ್ಷ, ಅದರ ಮರುದಿನ ನವರಾತ್ರಿಯ ಘಟ ಕೂಡಬೇಕು. ಘಟ ಕೂಡುವ ಮೊದಲು ನಮ್ಮ ಕಡೆಯ ಮನೆಗಳಲ್ಲಿ ಹಾಸಿಗೆಯಿಂದ ಹಿಡಿದು ಉಪ್ಪಿನಕಾಯಿ ಭರಣಿಯವರೆಗೆ ತೊಳೆಯದೆ ಬಿಟ್ಟ ವಸ್ತು ಇರುವುದಿಲ್ಲ. ಅಂಥ ದಿನ, ಅಂಥ ಅವ್ವನ ಎದುರು, ದೇವರ ಕೋಣೆಗೆ ಹತ್ತು ಹೆಜ್ಜೆಯಲ್ಲಿ, ಕೊಳೆತು ನಾರುವ ಬಕೆಟ್ಟುಗಳು. ಟ್ಯಾಂಕಿನೊಳಗಿನದನ್ನು ಮುಟ್ಟಬೇಡ ಎಂದಿದ್ದೆನೇ ಹೊರತು, ಹೊರಗೆ ತೆಗೆದಿದ್ದನ್ನು ಏನು ಮಾಡಬೇಕೆಂದು ನಾನು ಯಾವತ್ತೂ ಹೇಳಿರಲಿಲ್ಲ.

ನಾನು ಮರಳಿ ಬಂದಾಗ ಮನೆಯಲ್ಲಿ ನಾತವೇ ಇರಲಿಲ್ಲ. ಅವ್ವ ಸೆರಗು ಸಿಕ್ಕಿಸಿಕೊಂಡು, ಮೊಣಕಾಲವರೆಗೆ ತೋಯ್ದು, ಎಂದೂ ಇಲ್ಲದ ಉಮೇದಿನಿಂದ ನನ್ನನ್ನು ಗಚ್ಚಿಗೆ ಕರೆದೊಯ್ದಳು. ಅಪ್ಪನ ಧೋತರದ ಮೇಲೆ, ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಉಸುಕು ಹರವಿತ್ತು. ಅಕ್ಕಿ ತೊಳೆದ ಹಾಗೆ ತಿಳಿನೀರು ಬರುವವರೆಗೆ ನಳದ ಕೆಳಗೆ ತೊಳೆದಳಂತೆ. ಶೈಲಾ ಬೇಡವೆಂದರೂ ಕೇಳಲಿಲ್ಲವಂತೆ.

"ನೋಡಪಾ ರಾಘೂ, ಮುತ್ತಿನ್ಹಂಗ ಮಾಡೇನಿ. ಬಿಸಲಿಗೆ ಒಂದು ತಾಸು ಬಿಟ್ರ ಒಣಗ್ತದ."

ನಾನು ಸಿಟ್ಟಿಗೆದ್ದೆನೆಂದು ತಿಳಿಯಬೇಡಿ. ಅಲ್ಲೇ ನೀರಿನ ಟಾಕಿಗೆ ಒರಗಿ ಕೂತೆ. ಏನಾಯಿತೆಂದು ಅವ್ವ ಕೇಳಿದಳು. ಕೇಳಿದ್ದಕ್ಕೆ ಹೇಳಿದೆ: "ಅವ್ವಾ, ಅದರಾಗ ಜೀವ ಇದ್ದೂ."

ಅಷ್ಟೇ ಹೇಳಿದ್ದು. ಅವ್ವ ಬಿಸಿಲಿನಲ್ಲಿ ಹರವಿದ ಉಸುಕನ್ನು ನೋಡಿದಳು, ತನ್ನ ಎರಡು ಕೈ ನೋಡಿಕೊಂಡಳು. ಎಷ್ಟು ಎಂದು ಕೇಳಿದಳು. ಎಣಿಸಲು ಬರುವಂಥವಲ್ಲ ಎಂದೆ. ಸೆರಗು ಬಿಚ್ಚಿ ಕೈ ಒರೆಸಿಕೊಂಡು ಕೆಳಗೆ ಹೋಗಿಬಿಟ್ಟಳು.

ಬೇರೆ ದಾರಿಯಿಲ್ಲದೆ ನಾನು ಅದೇ ಉಸುಕನ್ನು ಟ್ಯಾಂಕಿಗೆ ಹಾಕಿ, ಹೊಸ ಉಪ್ಪುನೀರು ತುಂಬಿ, ಕಲ್ಲು, ಮೀನು ಎಲ್ಲವನ್ನೂ ಮರಳಿ ಬಿಟ್ಟೆ. ಉಳಿದ ಮೀನುಗಳು ಏನೂ ಆಗಿಲ್ಲವೆಂಬಂತೆ ತಿಂದುಂಡು ಆಡಿದವು. ಅಂಬಕ್ಕ ಮಾತ್ರ ಆ ಬೆಳ್ಳನೆಯ ಉಸುಕಿನ ಮೇಲೆ ಹುಡುಕುತ್ತ ಹೋಗುವುದು, ಏನೂ ಸಿಗದೆ ನಿಲ್ಲುವುದು. ಕಲ್ಲುಗಳ ಸಂದಿಯಲ್ಲಿ ಅಲ್ಪಸ್ವಲ್ಪ ಉಳಿದಿದ್ದರೆ ಅದೇ ಊಟ. ನೋಡನೋಡುತ್ತ ಅದರ ಹೊಟ್ಟೆ ಒಳಗೆ ಹೋಯಿತು.

ಇತ್ತ ಅವ್ವ ಮನೆಯ ಕೆಲಸದಿಂದ ಕೈ ತೆಗೆದಳು. ಜಗಳವಿಲ್ಲ, ಅಳುವಿಲ್ಲ. ಚಹಾದ ಕಪ್ಪು ತೊಳೆಯುತ್ತಿರಲಿಲ್ಲ, ಸೊಪ್ಪು ಸೋಸುತ್ತಿರಲಿಲ್ಲ. ಘಟ ಕೂಡಿಸುವ ದಿನ ಪತ್ರಾವಳಿಯ ಮೇಲೆ ಮಣ್ಣು ಹಾಸಿ ಗೋದಿ ಬಿತ್ತುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅವ್ವನದೇ ಕೆಲಸ. ಶೈಲಾ ಕಾಳಿನ ಬಟ್ಟಲು ಮುಂದೆ ಹಿಡಿದಾಗ ಅವ್ವ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನೀನ ಬಿತ್ತವಾ. ನನ್ನ ಕೈ ಬ್ಯಾಡ."

ಶೈಲಾ ಬಿತ್ತಿದಳು. ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಇರುವೆಗೆ ಹಾಕುವ ಸಕ್ಕರೆ ಮಾತ್ರ ಚಿಟಿಕೆಯಿಂದ ಮುಷ್ಟಿಗೆ ಏರಿತು. ಇರುವೆಗಳು ತಮ್ಮ ಬಳಗವನ್ನೆಲ್ಲ ಕರೆದು ತಂದವು. ಎಷ್ಟು ಬೈಸಿಕೊಂಡಿದ್ದೇನೆ ನಾನು ಅವ್ವನ ತೊಳೆಯುವ ಹುಚ್ಚಿಗೆ! ಆ ದಿನಗಳಲ್ಲಿ ನಳದ ಸದ್ದಿಲ್ಲದ ಮನೆಯಲ್ಲಿ ಕೂತು, ದೇವರೇ, ಇವಳು ಒಂದು ಲೋಟವನ್ನಾದರೂ ತೊಳೆಯಲಿ ಎಂದು ಬೇಡಿಕೊಂಡೆ. ಅಂಬಕ್ಕ ಸತ್ತರೆ ಅವ್ವನ ಕೈ ಮತ್ತೆ ಯಾವುದನ್ನೂ ಮುಟ್ಟುವುದಿಲ್ಲವೆಂದು ನನಗೆ ಒಳಗೊಳಗೇ ಖಾತ್ರಿಯಾಗಿತ್ತು.

ನವರಾತ್ರಿಯ ನಡುವೆ ಒಂದು ಮಧ್ಯಾಹ್ನ ಭೋರಿನಿಂದ ಬಂದ ಸಾಠೆ, ಸುದ್ದಿ ಕೇಳಿ, ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಮನೆಗೆ ಬಂದ. ಡಬ್ಬಿಯಲ್ಲಿ ಅವನ ಟ್ಯಾಂಕಿನ ಮೇಲುಪದರದ ಉಸುಕು, ಅದರೊಳಗಿನ ಜೀವಗಳ ಸಮೇತ. ಒಂದು ಹಿಡಿ ಹಾಕಿದರೆ ಹೆಪ್ಪು ಹಾಕಿದ ಹಾಗೆ, ನಿಧಾನವಾಗಿ ಎಲ್ಲಕ್ಕೂ ಹಬ್ಬುತ್ತದೆ. ನಾನು ನಡೆದಿದ್ದನ್ನು ಹೇಳುತ್ತಿದ್ದ ಹಾಗೆ ಅವನ ಮುಖ ಬದಲಾಯಿತು. ತಳದ ಕಪ್ಪು ಉಸುಕನ್ನು ಹಾಗೇ ಮರಳಿ ಹಾಕುವವನಿದ್ದೆಯಾ ಎಂದು ಮರಾಠಿಯಲ್ಲಿ ಕೇಳಿದ. ಹೌದೆಂದೆ. ಹಣೆ ಹಣೆ ಬಡಿದುಕೊಂಡ. ಒಮ್ಮೆ ಕೆದರಿದ ಹಳೆಯ ಉಸುಕು ವಿಷವಂತೆ. ಮೇಲಿನ ಒಂದಿಷ್ಟನ್ನು ತೆಗೆದಿಟ್ಟುಕೊಂಡು ಉಳಿದಿದ್ದನ್ನು ತೊಳೆಯಲೇಬೇಕಂತೆ, ಇಲ್ಲವೇ ಚೆಲ್ಲಬೇಕಂತೆ. ಅಷ್ಟನ್ನೂ ಹಾಗೇ ಹಾಕಿದ್ದರೆ ಒಂದು ಮೀನೂ ಉಳಿಯುತ್ತಿರಲಿಲ್ಲ ಎಂದ.

ನಾನು ಕುಣಿಯುವುದೊಂದು ಬಾಕಿ. ಓಡಿ ಹೋಗಿ ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. ವಯಸ್ಸಾದವಳೆಂದು ಸಮಾಧಾನಕ್ಕೆ ಹೇಳುತ್ತಿದ್ದೀರಿ, ನನಗೆ ತಿಳಿಯುವುದಿಲ್ಲವೇ ಎಂದು ಗೋಡೆಯ ಕಡೆ ತಿರುಗಿ ಕೂತಳು.

ಸಾಠೆ ಚಪ್ಪಲಿ ಹೊರಗೇ ಬಿಟ್ಟಿದ್ದ. ಅವ್ವನ ಮನೆಯೆಂದು ಕಾಲನ್ನೂ ತೊಳೆದುಕೊಂಡಿದ್ದ. ಬಂದು ಅವ್ವನ ಎದುರು ನೆಲಕ್ಕೆ ಕೂತ. ಸ್ಟೋರ್ಸಿನಲ್ಲಿ ದಿನಕ್ಕೆ ನೂರು ಹರಟೆ ಹೊಡೆಯುವ ಮನುಷ್ಯ, ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳದ ಮಾತನ್ನು ಅವಳಿಗೆ ಹೇಳಿದ. ಅವನದು ಈಗಿನದಕ್ಕಿಂತ ಮೊದಲು ಇನ್ನೊಂದು ಟ್ಯಾಂಕಿತ್ತಂತೆ. ಮಗಳು ಸಣ್ಣವಳಿದ್ದಾಗಿನದು, ಒಂದೊಂದು ಮೀನಿಗೂ ಅವಳೇ ಹೆಸರಿಟ್ಟಿದ್ದಳಂತೆ. ಮನೆ ಬದಲಾಯಿಸುವಾಗ ಉಸುಕನ್ನು ಬಗೆದು ತಂದು, ಹಾಗೇ ಹೊಸ ಮನೆಯಲ್ಲಿ ಸುರುವಿದ್ದನಂತೆ.

"ಮೀ ಧುತಲೀ ನಾಹೀ, ಆಈ," ಎಂದ. "ಸಗಳೇ ಗೇಲೇ."

ನಾನು ತೊಳೆಯಲಿಲ್ಲ ತಾಯಿ, ಎಲ್ಲ ಹೋದವು. ಇಷ್ಟು ಮರಾಠಿ ಅವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳಿಗೆ ಏನು ಹೇಳಿದಿ ಎಂದು ಕೇಳಿದಳು. ಶಾಲೆಯಿಂದ ಅವಳು ಬರುವುದರೊಳಗೆ ಟ್ಯಾಂಕು ಖಾಲಿ ಮಾಡಿದ್ದೆ ಎಂದ ಸಾಠೆ. ಸಮಾಧಾನಕ್ಕೆ ಸುಳ್ಳು ಹೇಳುವವನ ಮುಖ ಹಾಗಿರುವುದಿಲ್ಲ, ಅದು ಅವ್ವನಿಗೆ ಗೊತ್ತು.

ಸಾಠೆ ಡಬ್ಬಿಯನ್ನು ನನಗೆ ಕೊಡಲಿಲ್ಲ, ಅವ್ವನ ಮುಂದೆ ಹಿಡಿದ. ಅವಳು ಎದ್ದು ಹೋಗಿ, ಸಾಬಾಣ ಮುಟ್ಟದೆ ಬರೀ ನೀರಿನಲ್ಲಿ ಕೈ ತೊಳೆದು ಬಂದಳು. ಎಂಟು ದಿನದ ಮೇಲೆ ನಮ್ಮ ಮನೆಯಲ್ಲಿ ಅವ್ವ ನಳ ತಿರುವಿದ ಸದ್ದು ಅದು. ನನಗೆ ಅಳು ಬಂತು. ಸ್ಟೂಲಿನ ಮೇಲೆ ಹತ್ತಿ, ಶೈಲಾ ಅವಳ ಸೊಂಟ ಹಿಡಿದುಕೊಂಡಿರುವಾಗ, ಅವ್ವ ಮೊಣಕೈವರೆಗೆ ನೀರಿನೊಳಗೆ ಕೈ ಇಳಿಸಿ ಆ ಹಿಡಿ ಉಸುಕನ್ನು ತಳದ ಮೇಲೆ ಮೆಲ್ಲಗೆ ಬಿಟ್ಟಳು.

ಆಮೇಲೆ ಕಾಯುವುದು. ಸಾಠೆ ಮತ್ತೂ ಎರಡು ಸಲ ಡಬ್ಬಿ ತಂದ. ಅವ್ವ ಊಟದ ತಟ್ಟೆ ಹಿಡಿದು ಟ್ಯಾಂಕಿನ ಮುಂದೆಯೇ ಕೂಡುವಳು. ಒಂದು ದಿನ ಗಾಜಿಗೆ ಹತ್ತಿ ಉಸುಕಿನೊಳಗೆ ದಾರದಷ್ಟು ಸಣ್ಣ ಸುರಂಗ ಕಂಡಿತು. ಒಂದು ದಿನ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಓಡಾಡಿದವು. ದೀಪಾವಳಿಯ ಹೊತ್ತಿಗೆ ಅಂಬಕ್ಕ ಉಸುಕಿನ ಮೇಲೆ ನಿಂತು ನಿಂತು, ಹೆಕ್ಕಿ ಹೆಕ್ಕಿ, ಮಧ್ಯಾಹ್ನದವರೆಗೂ ಫಳಾರ ಮಾಡತೊಡಗಿತು. ಅದರ ಹೊಟ್ಟೆ ದುಂಡಗಾದ ದಿನ ಅವ್ವ ಅಡಿಗೆಮನೆಗೆ ಬಂದು, ಕೊತ್ತಂಬರಿಯನ್ನು ತೊಳೆಯದೆ ಹೆಚ್ಚುತ್ತಿದ್ದ ನನ್ನನ್ನು, ಹೊಲಸ ಮನಿಶ್ಯಾ ಎಂದು ಬೈದು, ಈಳಿಗೆ ಕಸಿದುಕೊಂಡಳು. ಅಷ್ಟು ರುಚಿಯಾದ ಬೈಗಳನ್ನು ನಾನು ಜೀವಮಾನದಲ್ಲಿ ತಿಂದಿಲ್ಲ.

ನಮ್ಮ ಮಂದಿಗೆ ತಾಯಿಗೆ ಉಪಕಾರವಾಯಿತು ಎಂದು ಹೇಳುವ ರೂಢಿಯಿಲ್ಲ. ಹೇಳಿದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಆದರೂ ಇಲ್ಲಿ ಬರೆದಿಡುತ್ತೇನೆ. ನನ್ನ ಮೀನುಗಳನ್ನು ಕಾದದ್ದು ನನ್ನ ಜಾಣತನವಲ್ಲ, ಅವ್ವನ ತೊಳೆಯುವ ಹುಚ್ಚು. ನನ್ನ ಅವ್ವನನ್ನು ಮರಳಿ ಕೊಟ್ಟಿದ್ದು ಸಾಠೆಯ ಒಂದು ಹಳೆಯ ದುಃಖ. ಹೇಳದೆ ಮುಚ್ಚಿಟ್ಟುಕೊಳ್ಳಬಹುದಾಗಿತ್ತು, ಅವನು ಹೇಳಿದ. ಇಬ್ಬರಿಗೂ ನಾನು ಋಣಿ.

ಮುಂದಿನ ವರ್ಷ ಪಿತೃಪಕ್ಷ ಬಂತು. ನಾವು ಅಪ್ಪನ ಪಕ್ಷ ಮಾಡುವುದು ಸರ್ವಪಿತೃ ಅಮಾವಾಸ್ಯೆಯ ದಿನ. ಹೆಸರು ಗೊತ್ತಿಲ್ಲದವರಿಗೂ, ತಮ್ಮವರೆನ್ನುವವರು ಇಲ್ಲದವರಿಗೂ ಒಂದು ತುತ್ತು ಇಡುವ ದಿನವದು. ಭಟ್ಟರು ಎದ್ದ ಮೇಲೆ ಕಾಗೆಗೆ ಇಡಲೆಂದು ಅನ್ನ, ವಡೆ, ಖೀರು ಎಲ್ಲ ಬಡಿಸಿದ ಎಲೆಯನ್ನು ಗಚ್ಚಿಗೆ ಒಯ್ದೆ. ಹಿಂದಿನಿಂದ ಅವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಅವಳ ಕೈಯಲ್ಲಿ ಇನ್ನೊಂದು ಸಣ್ಣ ಎಲೆಯಿತ್ತು. ಅಪ್ಪನ ಎಲೆಯ ಮಗ್ಗುಲಿಗೆ ನೀರು ಚಿಮುಕಿಸಿ ಅದನ್ನಿಟ್ಟಳು. ಇದು ಯಾರಿಗೆ ಎಂದು ಕೇಳಿದೆ.

"ಸಾಠೆಯವರ ಮೀನಗಳಿಗೆ," ಎಂದಳು ಅವ್ವ. "ಅವು ಹೋದದ್ದಕ್ಕ ನನ್ನ ಕೈ ನನಗ ತಿರುಗಿ ಸಿಕ್ಕಾವ."

ಸಂಜೆ ಸಾಠೆಗೆ ಫೋನು ಮಾಡಿ ಹೇಳಿದೆ. ಅವನು, "ಕಾವಳಾ ಶಿವಲಾ ಕಾ?" ಎಂದು ಕೇಳಿದ. ಕಾಗೆ ಮುಟ್ಟಿತೇ?

ಮುಟ್ಟಿತು ಎಂದೆ. ಅಪ್ಪನ ಎಲೆಗಿಂತ ಮೊದಲು ಅದನ್ನೇ ಮುಟ್ಟಿತು.